ಕಾಲ ಮುಂದಿನ ಕೆಂಪು ಗೆರೆ

ಅವರ ಹೆಸರನ್ನು ನಾನು ಬರೆಯುತ್ತಿಲ್ಲ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದಾಗ, "ಹೆಸರು ಯಾಕ್ರಿ? ಆ ಹೆಸರಿನವ್ರು ನಮ್ಮ ಓಣ್ಯಾಗ ನಾಕು ಮಂದಿ ಅದಾರ. ಕೀಮ್ಯಾನ್ ಅಂತ ಬರೀರಿ, ಯಾರಂತ ಗೊತ್ತಾಗ್ತೈತಿ" ಎಂದರು.

ಚಿತ್ತವಾಡ್ಗಿಯ ಆ ಓಣಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಕೀಮ್ಯಾನ್ ಅಂದರೆ ರೈಲು ಹಳಿ ನೋಡಿಕೊಳ್ಳುವವನು. ತನ್ನ ಪಾಲಿಗೆ ಬಂದಷ್ಟು ಹಳಿಯನ್ನು ದಿನವೂ ನಡೆದು ನೋಡಬೇಕು, ಸಡಿಲಾದ ಕೀಲುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು, ಎಲ್ಲಾದರೂ ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಮಾಡಿದ್ದು ಇಷ್ಟೇ. ಕೆಲವು ವರ್ಷ ದರೋಜಿಯ ಕಡೆ, ಕೆಲವು ವರ್ಷ ಸಂಡೂರಿನ ಅದಿರು ಗಾಡಿಗಳ ದಾರಿಯಲ್ಲಿ. ಕಾಲಿನ ಬಿರುಕುಗಳಲ್ಲಿ ಅದಿರಿನ ಕೆಂಪು ಧೂಳು ಸೇರಿಕೊಂಡು, ನಿವೃತ್ತಿಯಾದ ಮೇಲೂ ಪೂರ್ತಿ ಹೋಗಿರಲಿಲ್ಲ. ಮೊದಲ ದಿನ ಅವರ ಪಾದ ಹಿಡಿದು ನೋಡುವಾಗ ನಾನು ಅದನ್ನು ಮೆಹಂದಿ ಅಂದುಕೊಂಡಿದ್ದೆ.

ನಾನು ಹೊಸಪೇಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬಿದ್ದು ಸೊಂಟ ಮುರಿದವರು, ಪಾರ್ಶ್ವವಾಯು ಹೊಡೆದವರು, ಗಣಿ ಲಾರಿ ಓಡಿಸಿ ಬೆನ್ನು ಹೋದವರು, ಇಂಥವರೇ ನನ್ನ ಬಳಿ ಬರುವವರು. ಕೀಮ್ಯಾನ್ ಬಂದದ್ದು ಪಾರ್ಕಿನ್ಸನ್ ಕಾಯಿಲೆಯಿಂದ. ಬಳ್ಳಾರಿಯ ನರರೋಗ ತಜ್ಞರು ಗುಳಿಗೆ ಬರೆದು, ನಡಿಗೆಯ ವ್ಯಾಯಾಮಕ್ಕೆ ನನ್ನ ಹತ್ತಿರ ಕಳಿಸಿದ್ದರು. ಹೆಂಡತಿಯ ಭುಜ ಹಿಡಿದುಕೊಂಡು ಬಂದರು. ನನ್ನ ಕ್ಲಿನಿಕ್ಕಿನ ಬಾಗಿಲ ತನಕ ಬಂದವರು ಹೊಸ್ತಿಲಲ್ಲಿ ನಿಂತುಬಿಟ್ಟರು. ಎರಡೂ ಪಾದ ನೆಲಕ್ಕೆ ಅಂಟಿಸಿದ ಹಾಗೆ. ಮೈ ಮುಂದಕ್ಕೆ ಬಾಗುತ್ತಿದೆ, ಕಾಲು ಬರುತ್ತಿಲ್ಲ.

"ಬರ್ರಿ ಯಜಮಾನ್ರ, ಒಳಗ ಬರ್ರಿ" ಎಂದೆ.

"ನಾ ಬಂದೀನ್ರಿ ಮೇಡಮ್ಮೋರ. ಕಾಲು ಇನ್ನ ಬಂದಿಲ್ಲ. ಒಂಚೂರು ತಡೀರಿ" ಎಂದರು.

ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿದುಕೊಂಡು ಮುಖ ಗೋಡೆಯ ಹಾಗಾಗುತ್ತದೆ. ಅವರು ತಮಾಷೆ ಮಾಡುತ್ತಿದ್ದಾರೆಂದು ನನಗೆ ತಿಳಿಯಲೇ ಇಲ್ಲ. ಹೆಂಡತಿ ನಕ್ಕಾಗ ಗೊತ್ತಾಯಿತು. ಆಮೇಲೆ ಎಷ್ಟೋ ತಿಂಗಳು ಅವರ ಮಾತಿಗೆ ನಗಬೇಕೋ ಬೇಡವೋ ಎಂದು ಮೊದಲು ಆಕೆಯ ಮುಖ ನೋಡಿಕೊಳ್ಳುತ್ತಿದ್ದೆ.

ಆಕೆ ಮನೆಯಲ್ಲೇ ಹೊಲಿಗೆ ಹಾಕುವ ಹೆಂಗಸು. ಸಣ್ಣ ಮೈಕಟ್ಟು. ಅಷ್ಟು ಎತ್ತರದ ಗಂಡಸನ್ನು ಆ ಭುಜ ಹೇಗೆ ತಡೆಯುತ್ತದೆ ಅನ್ನಿಸುತ್ತಿತ್ತು.

ಮೂರನೆಯ ವಾರವೋ ನಾಲ್ಕನೆಯ ವಾರವೋ ಒಂದು ಸಂಗತಿ ನಡೆಯಿತು. ಒಳಗೆ ನುಣುಪಾದ ಟೈಲ್ಸಿನ ಮೇಲೆ ಅವರನ್ನು ನಡೆಸಲು ನಾನು ಅರ್ಧ ಗಂಟೆ ಒದ್ದಾಡಿದ್ದೆ. ಎರಡು ಹೆಜ್ಜೆ ಇಡುವುದು, ನಿಲ್ಲುವುದು. ಸಾಕೆಂದು ಹೊರಗೆ ಕರೆತಂದೆ. ಹೊರಗಿನ ಅಂಗಳಕ್ಕೆ ಕಡಪ ಕಲ್ಲು ಹಾಸಿದೆ, ಕಲ್ಲು ಕಲ್ಲಿನ ನಡುವೆ ಸಿಮೆಂಟಿನ ಗೆರೆ. ಅಂಗಳಕ್ಕೆ ಕಾಲಿಟ್ಟವರೇ ಹೆಂಡತಿಯ ಭುಜ ಬಿಟ್ಟು, ಒಂದೊಂದು ಗೆರೆಯನ್ನೂ ದಾಟುತ್ತ ಗೇಟಿನ ತನಕ ನೇರವಾಗಿ ನಡೆದುಹೋದರು. ಗೇಟು ಹಿಡಿದು ನಿಂತು ತಿರುಗಿ ನೋಡಿದರು. ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು.

"ಸ್ಲೀಪರ್ ಇದ್ದಂಗ ಅದಾವ್ರಿ ಇವು" ಎಂದರು ಅವರು. ಹಳಿಯ ಕೆಳಗೆ ಅಡ್ಡಡ್ಡ ಹಾಕಿದ ಪಟ್ಟಿಗಳಿರುತ್ತವಲ್ಲ, ಅವು. "ಮೂವತ್ತು ವರ್ಷ ಅವನ್ನ ದಾಟೀನಿ. ಕಾಲಿಗೆ ಅದೊಂದು ನೆಪ್ಪೈತಿ ನೋಡ್ರಿ."

ಇದರ ಹಿಂದಿನ ವಿಷಯ ನಾನು ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನಾವು ನಡೆಯುವುದು ಯೋಚಿಸಿ ಅಲ್ಲ. ಒಂದು ಕಾಲಿನ ಹಿಂದೆ ಇನ್ನೊಂದು ತಾನಾಗಿ ಬರುತ್ತದೆ. ಈ ಕಾಯಿಲೆ ಆ ತಾನಾಗಿ ಬರುವುದನ್ನೇ ಕಸಿದುಕೊಳ್ಳುತ್ತದೆ. ಆದರೆ ಕಣ್ಣೆದುರು ದಾಟುವುದಕ್ಕೆ ಏನಾದರೂ ಇದ್ದರೆ ಮಿದುಳು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುತ್ತದೆ ಎಂದಿಲ್ಲ. ಅವರಿಗೆ ಆಯಿತು.

ಆ ಹೊತ್ತಿಗೆ ಅವರು ಮನೆಯಿಂದ ಹೊರಗೆ ಹೋಗುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು. ಕಾರಣ ನನಗೆ ಹೇಳಿದ್ದು ಹೆಂಡತಿ. ಒಂದು ಬೆಳಗ್ಗೆ ಕಾಯಿಪಲ್ಲೆ ತರಲು ಹೋಗಿ ರಸ್ತೆ ನಡುವೆ ಕಾಲು ಹಿಡಿದುಕೊಂಡಿದೆ. ಹಿಂದೆ ಆಟೋದವನೊಬ್ಬ ಹಾರ್ನ್ ಹೊಡೆದು, "ಏ ಯಜಮಾನ, ಮುಂಜಾನೆನ ಹಾಕ್ಕೊಂಡು ಬಂದಿಯೇನ್?" ಎಂದು ಕೂಗಿದ್ದಾನೆ. ಸುತ್ತ ಇದ್ದವರು ನಕ್ಕಿದ್ದಾರೆ. ಜೊತೆಗೆ ಹಳಿ ಕೆಲಸ ಮಾಡುವ ಗ್ಯಾಂಗಿನವರೆಲ್ಲ ಕುಡಿಯುವಾಗ ಪಕ್ಕದಲ್ಲಿ ಕುಳಿತು ಬರೀ ಶೇಂಗಾ ತಿಂದು ಎದ್ದು ಬಂದ ಮನುಷ್ಯ. ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದವರು ಮತ್ತೆ ಓಣಿಯ ತುದಿ ದಾಟಲಿಲ್ಲವಂತೆ. ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬರುವಾಗಲೂ ಆಟೋ ಮನೆ ಬಾಗಿಲಿಗೇ ಬರಬೇಕು. ಕ್ಷೌರದ ಅಂಗಡಿಗೂ ಹೋಗುತ್ತಿರಲಿಲ್ಲ, ಹೆಂಡತಿಯೇ ಗಡ್ಡ ಹೆರೆಯುತ್ತಿದ್ದರು.

"ಅಲ್ಲಿಗೆ ಹೋಗಿ ಕುಂದ್ರಬೇಕನಸ್ತೈತ್ರಿ" ಎಂದು ಒಮ್ಮೆ ಅವರೇ ಹೇಳಿದರು. "ಕುರ್ಚಿ ಖಾಲಿ ಇದ್ರೂ ಬೆಂಚಿನ ಮ್ಯಾಲೆ ಕುಂದ್ರಬೇಕು. ಅವರಿವರ ಮಾತು ಕೇಳ್ಬೇಕು. ಆಮ್ಯಾಗ ನಮ್ಮ ಪಾಳಿ ಬರ್ಬೇಕು."

ಅವರ ಆಸೆ ಇಷ್ಟೇ ಇತ್ತು. ಮನೆಯಿಂದ ಆ ಅಂಗಡಿಗೆ ಹೆಚ್ಚೆಂದರೆ ಮುನ್ನೂರು ಹೆಜ್ಜೆ.

ಅದೇ ಸುಮಾರಿಗೆ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ನನಗೆ ಫೋನು ಬಂತು. ಮಾತಾಡಿದವರು ಮೈಸೂರು ಕಡೆಯವರು, ಅಲ್ಲಿ ಪಾಠ ಮಾಡುವ ಎಂಜಿನಿಯರು. ಪಾರ್ಕಿನ್ಸನ್ ಇರುವವರು ಕಾಲಿಗೆ ಕಟ್ಟಿಕೊಳ್ಳುವಂಥ ಒಂದು ಸಾಧನ ಮಾಡುತ್ತಿದ್ದರು. ಬೂಟಿನ ಮುಂದೆ ಬಕಲ್ ಪಟ್ಟಿಯಿಂದ ಬಿಗಿದ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಂದು ಪಾದ ನೆಲ ಮುಟ್ಟಿದ ಕೂಡಲೇ ಅದರ ಪೆಟ್ಟಿಗೆಯಿಂದ ಮುಂದಿನ ನೆಲದ ಮೇಲೆ ಒಂದು ಕೆಂಪು ಬೆಳಕಿನ ಗೆರೆ ಬೀಳುತ್ತದೆ. ಇನ್ನೊಂದು ಪಾದ ಅದನ್ನು ದಾಟಬೇಕು. ದಾಟಿ ನೆಲ ಮುಟ್ಟಿದರೆ ಈಗ ಅದರ ಗೆರೆ ಬೀಳುತ್ತದೆ. ಹೀಗೆ ನಡೆದಷ್ಟೂ ಗೆರೆ ಮುಂದೆ ಮುಂದೆ ಹೋಗುತ್ತದೆ. ಕಟ್ಟಿಕೊಂಡು ನೋಡಿ ಹೇಳುವವರು ಬೇಕಾಗಿತ್ತು. ನಾನು ಕೀಮ್ಯಾನ್ ಅವರ ಹೆಸರು ಕೊಟ್ಟೆ.

ಎಂಜಿನಿಯರು ಮೊದಲ ಸಲ ಬಂದಾಗ ಹೊರಗೆ ಬಯಲಲ್ಲಿ ನಡೆಸಿ ನೋಡೋಣ, ಫೋಟೋ ಕೂಡ ಚೆನ್ನಾಗಿ ಬರುತ್ತವೆ ಎಂದು ನಮ್ಮನ್ನೆಲ್ಲ ಹಂಪಿಗೆ ಕರೆದುಕೊಂಡು ಹೋದರು. ಕಲ್ಲು ಹಾಸಿದ ಒಂದು ದೊಡ್ಡ ಪ್ರಾಕಾರ. ಹನ್ನೊಂದು ಗಂಟೆಯ ಬಿಸಿಲು. ಬೂಟು ತೊಡಿಸಿ ಗುಂಡಿ ಒತ್ತಿದರೆ ಗೆರೆ ಎಲ್ಲಿದೆ? ಆ ಬಿಸಿಲಲ್ಲಿ ಕೆಂಪು ಬೆಳಕು ಕಾಣಲೇ ಇಲ್ಲ. ಎಂಜಿನಿಯರು ಬಗ್ಗಿ ತಮ್ಮ ಟೋಪಿಯಿಂದ ನೆರಳು ಮಾಡಿ ಗೆರೆ ಹುಡುಕುತ್ತಿದ್ದರು. ಅಷ್ಟರಲ್ಲಿ ಇವರು ಹಾಸುಗಲ್ಲುಗಳನ್ನು ಒಂದೊಂದೇ ದಾಟುತ್ತ ಪ್ರಾಕಾರದ ಆಚೆ ತುದಿಗೆ ಹೋಗಿ ನಿಂತಿದ್ದರು.

"ಇವರಿಗೆ ನಿಜವಾಗಿಯೂ ತೊಂದರೆ ಇದೆಯಾ ಮೇಡಮ್?" ಎಂದು ಎಂಜಿನಿಯರು ನನ್ನನ್ನು ಕೇಳಿದರು.

ಇವರು ಅಲ್ಲಿಂದಲೇ ಹೇಳಿದರು: "ಇಲ್ಲಿ ನಿಮ್ಮ ಲೈಟು ಬ್ಯಾಡ್ರಿ ಸಾಹೇಬ್ರ. ಕಲ್ಲು ಹಾಸಿದವ್ರು ಆಗ್ಲೇ ಗೆರಿ ಹಾಕ್ಯಾರ. ನಮ್ಮ ಮನಿಗೆ ಬರ್ರಿ, ಅಲ್ಲಿ ನಿಲ್ತೀನಿ."

ಎಂಜಿನಿಯರು ಅವತ್ತು ಸಾಧನವನ್ನು ಅವರ ಮನೆಯಲ್ಲೇ ಬಿಟ್ಟುಹೋದರು. ಆಮೇಲಿನ ಎರಡು ತಿಂಗಳು ಇವರು ಅದನ್ನು ಹಳಿ ನೋಡಿದ ಹಾಗೆ ನೋಡಿದರು. ಕೆಲಸದಲ್ಲಿದ್ದಾಗ ದಿನವೂ ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಇತ್ತಂತೆ. ಈಗ ಅಕ್ಷರ ಬರೆಯಲು ಕುಳಿತರೆ ಇರುವೆ ಸಾಲಿನಂತೆ ಚಿಕ್ಕದಾಗುತ್ತ ಹೋಗಿ ಕೊನೆಗೆ ಬರೀ ಗೀಟಾಗುತ್ತಿತ್ತು. ಅದಕ್ಕೇ ಅವರು ಹೇಳುವುದು, ಹೆಂಡತಿ ಬರೆಯುವುದು. ವಾರಕ್ಕೊಮ್ಮೆ ಆ ಪುಸ್ತಕ ನನ್ನ ಮುಂದೆ ಬರುತ್ತಿತ್ತು. ಆಕೆಯ ದುಂಡು ಅಕ್ಷರಗಳಲ್ಲಿ ಅವರ ಮಾತು ಹಾಗೇ ಇರುತ್ತಿತ್ತು. "ಇವತ್ತು ಎರಡು ಸಲ ನಿಂತೆ. ಒಂದು ಸಲ ಗೆರಿ ಬಿತ್ತು, ದಾಟಿದೆ. ಇನ್ನೊಂದು ಸಲ ಗೆರಿ ಬಿತ್ತು, ದಾಟಲಿಲ್ಲ. ಯಾಕ ಗೊತ್ತಿಲ್ಲ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಸುತ್ತಿದ್ದರು. ಇನ್ನೊಂದು ಪುಟದಲ್ಲಿ: "ಬಕಲ್ ಹಾಕಕ ಬರಲಿಲ್ಲ. ಬಕಲ್ ಹಾಕೋ ಕೈ ಇದ್ದಿದ್ರ ಈ ಪಟ್ಟಿ ನನಗ ಯಾಕ ಬೇಕಿತ್ತು?"

ಇದನ್ನು ಓದಿ ನಾನು ನಕ್ಕೆ. ಆಕೆ ನಗಲಿಲ್ಲ. ಚೀಲದಿಂದ ಆ ಪಟ್ಟಿಯನ್ನೇ ತೆಗೆದು ತೋರಿಸಿದರು. ಬಕಲನ್ನು ಕತ್ತರಿಸಿ, ಬಿ.ಪಿ. ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥ ಅಂಟುಪಟ್ಟಿಯನ್ನು ತಮ್ಮ ಮಷಿನ್ನಿನಲ್ಲಿ ಹೊಲಿದಿದ್ದರು. ಮುಂದೆ ಎಂಜಿನಿಯರು ಮಾಡಿದ ಎಲ್ಲ ಪಟ್ಟಿಗಳೂ ಅದೇ ಅಳತೆಯವು.

ಬೆಕ್ಕಿನದೊಂದು ಫಜೀತಿ ಇತ್ತು. ಪಕ್ಕದ ಮನೆಯ ಬೆಕ್ಕು ಕೆಂಪು ಗೆರೆ ಕಂಡರೆ ಸಾಕು, ಹಾರಿ ಬಂದು ಅದರ ಮೇಲೆ ಬೀಳುತ್ತಿತ್ತು. ಇವರು ಕಾಲೆತ್ತಿದವರು ಎತ್ತಿದ ಹಾಗೇ. ಬೈದರೆ ಹೋಗುವುದಿಲ್ಲ. ಹೆಂಡತಿ ಪೊರಕೆ ಹಿಡಿದು ಮುಂದೆ ಮುಂದೆ ಹೋಗಬೇಕು. "ಮಂತ್ರಿ ಬಂದಂಗ ಆಗೈತ್ರಿ ನಮ್ಮನ್ಯಾಗ, ಮುಂದೊಬ್ರು ದಾರಿ ಬಿಡಿಸ್ಕೋಂತ ಹೋಗ್ಬೇಕು" ಎಂದು ಅವರು ಹೇಳಿದಾಗ ನನಗೆ ಮೊದಲ ಸಲ ಹೆಂಡತಿಯ ಮುಖ ನೋಡದೆಯೇ ನಗು ಬಂತು.

ಕೆಲಸದ ದಿನಗಳ ಮಾತನ್ನು ಅವರು ಹೆಚ್ಚು ಆಡುತ್ತಿರಲಿಲ್ಲ. ಒಂದೇ ಒಂದು ಘಟನೆ ಹೇಳಿದ್ದು ನೆನಪಿದೆ. ದರೋಜಿಯ ಹತ್ತಿರ ಬೆಳಗಿನ ಜಾವ ಹಳಿ ನೋಡುತ್ತ ಹೋಗುವಾಗ ಎದುರಿಗೆ ಹಳಿಯ ಮೇಲೆ ಕರಡಿ ಕುಳಿತಿತ್ತಂತೆ. ಓಡಲಿಲ್ಲ, ಕೂಗಲಿಲ್ಲ, ನಿಂತಲ್ಲೇ ನಿಂತರಂತೆ. ಬಿಸಿಲೇರಿದ ಮೇಲೆ ಅದು ತಾನಾಗಿ ಎದ್ದು ಹೋಯಿತು. "ಅವತ್ತು ಬೇಕಂತ ನಿಂತಿದ್ದೆ. ಈಗ ಬ್ಯಾಡಂದ್ರೂ ನಿಲ್ತೀನಿ" ಎಂದು ಕಾಲನ್ನು ನೋಡಿಕೊಂಡರು.

ಇನ್ನು ನಾನು ಹೇಳಲೇಬೇಕಾದ ದಿನಕ್ಕೆ ಬರುತ್ತೇನೆ.

ಎಂಜಿನಿಯರ ಕೆಲಸಕ್ಕೆ ನೆರವು ಕೊಡುವ ಸಂಸ್ಥೆಯವರು ಒಂದು ದಿನ ಬೆಳಗ್ಗೆ ಹತ್ತಕ್ಕೆ ಬಂದು ನೋಡುವುದಾಗಿ ಗೊತ್ತಾಯಿತು. ಮೊದಲು ಸಾಧನವಿಲ್ಲದೆ, ಆಮೇಲೆ ಸಾಧನ ಕಟ್ಟಿಕೊಂಡು ನಡೆಯಬೇಕು. ವಿಡಿಯೋ ತೆಗೆಯುತ್ತಾರೆ. ಎಂಜಿನಿಯರು ನನಗೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: "ಔಷಧ ಯಾವಾಗ ತಗೊಳ್ತಾರೋ ಹಾಗೇ ತಗೊಳ್ಳಲಿ ಮೇಡಮ್. ಏನೂ ಬದಲಾಯಿಸೋದು ಬೇಡ."

ನನಗೆ ಬೇರೆ ಯೋಚನೆ ಬಂತು. ಬೆಳಗಿನ ಗುಳಿಗೆ ತೆಗೆದುಕೊಂಡರೆ ಹತ್ತು ಗಂಟೆಗೆ ಅವರು ಒಂದಿಷ್ಟು ಸಲೀಸಾಗಿ ನಡೆಯುತ್ತಾರೆ. ಸಾಧನ ಇದ್ದಾಗ, ಇಲ್ಲದಾಗ ಅಂಥ ಅಂತರ ಕಾಣುವುದಿಲ್ಲ. ನೋಡಿದವರು ಇದರಲ್ಲೇನಿದೆ ಎಂದುಬಿಟ್ಟರೆ? ಕೆಲಸ ನಿಂತುಹೋದರೆ ನಷ್ಟ ಇವರಿಗೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಕ್ಲಿನಿಕ್ಕಿನ ಹೆಸರು ಆ ವಿಡಿಯೋದಲ್ಲಿ ಬರುತ್ತದೆ ಎಂಬ ಆಸೆಯೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾದೀತು. ಹಿಂದಿನ ಸಂಜೆ ಹೆಂಡತಿಗೆ ಫೋನು ಮಾಡಿ, "ಅಮ್ಮಾರ, ನಾಳೆ ಮುಂಜಾನೆ ಗುಳಿಗಿ ಕೊಡಬ್ಯಾಡ್ರಿ. ಬರೋರು ಹಂಗ ಹೇಳ್ಯಾರ" ಎಂದೆ. ಅವರ ಡಾಕ್ಟರನ್ನು ಕೇಳಲಿಲ್ಲ. ಯಾರೂ ಹಾಗೆ ಹೇಳಿರಲಿಲ್ಲ.

"ಹೌದೇನ್ರಿ? ಆಗ್ಲಿ" ಎಂದರು ಆಕೆ.

ಬರುವವರ ಕಾರು ದಾರಿಯಲ್ಲಿ ತಡವಾಯಿತು. ಒಂಬತ್ತೂವರೆಗೆ ನಾನೊಬ್ಬಳೇ ಮನೆ ತಲುಪಿದೆ. ಬಾಗಿಲು ತೆರೆದೇ ಇತ್ತು. ಕರೆದರೆ ಒಳಗಿನಿಂದ ಆಕೆಯ ದನಿ ಕೇಳಿಸಿತು, ಬಾಗಿಲಿಗೆ ಬರಲಿಲ್ಲ. ಒಳಗೆ ಹೋದೆ.

ಬಚ್ಚಲಿನ ಹೊಸ್ತಿಲಲ್ಲಿ ಅವರು ನಿಂತಿದ್ದರು. ಹಣೆ ಬಾಗಿಲ ಚೌಕಟ್ಟಿಗೆ ಒತ್ತಿತ್ತು. ಎರಡೂ ಕೈ ಚೌಕಟ್ಟನ್ನು ಹಿಡಿದು ನಡುಗುತ್ತಿದ್ದವು. ಹೆಂಡತಿ ಹಿಂದಿನಿಂದ ಸೊಂಟ ತಬ್ಬಿ ಹಿಡಿದಿದ್ದರು. ಬಿಟ್ಟರೆ ಬೀಳುತ್ತಾರೆ, ಎಳೆದರೂ ಬೀಳುತ್ತಾರೆ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ, ಆಕೆಗೂ ಹೇಳಲು ತಿಳಿಯಲಿಲ್ಲ. ಲುಂಗಿ ಒದ್ದೆಯಾಗಿತ್ತು. ಕಾಲ ಸುತ್ತ ನೆಲವೂ ಒದ್ದೆಯಾಗಿತ್ತು.

ನಾನು ಮುಂದೆ ಹೋಗಿ ನನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟೆ. "ಇದನ್ನ ದಾಟ್ರಿ ಯಜಮಾನ್ರ" ಎಂದೆ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ದಾಟಿದರು. ಇಬ್ಬರೂ ಸೇರಿ ಕುರ್ಚಿಗೆ ತಂದು ಕೂರಿಸಿ, ಗುಳಿಗೆ ಕೊಟ್ಟೆವು. ಆಕೆ ಲುಂಗಿ ಬದಲಿಸಿ, ಬಿಸಿನೀರಲ್ಲಿ ಕಾಲು ಒರೆಸಿದರು. ಅವರು ಗೋಡೆ ನೋಡುತ್ತ ಕುಳಿತಿದ್ದರು. ಆ ಮುಖದಲ್ಲಿ ಏನೂ ಕಾಣುವುದಿಲ್ಲವಲ್ಲ. ಕಣ್ಣು ಮಾತ್ರ ತುಂಬಿತ್ತು.

"ಇವತ್ತು ಬ್ಯಾಡ. ಬರೋರಿಗೆ ಫೋನ್ ಮಾಡಿ ವಾಪಸ್ ಕಳಿಸ್ತೀನ್ರಿ" ಎಂದೆ.

ಅವರು ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದರು. "ಬ್ಯಾಡ. ಬರ್ಲಿ. ಈಗ ಆತಲ್ಲ, ಇದನ್ನೂ ಬರ್ಕೊಳ್ರಿ. ಇದು ಬರೀಲಿಲ್ಲಂದ್ರ ಎರಡು ತಿಂಗ್ಳು ಬರೆಸಿದ್ದೆಲ್ಲ ಸುಳ್ಳಾಗ್ತೈತಿ."

ಎಂಜಿನಿಯರು, ಸಂಸ್ಥೆಯವರು ಬಂದಾಗ ಹನ್ನೊಂದು ದಾಟಿತ್ತು. ಗುಳಿಗೆ ಕೆಲಸ ಮಾಡತೊಡಗಿತ್ತು. ಇವರು ಎದ್ದು ಹಜಾರದಲ್ಲಿ ಎರಡು ಸಲ ನಡೆದು ತೋರಿಸಿದರು. ನಾನಂದುಕೊಂಡಂತೆಯೇ ಅಂತರ ಅಷ್ಟೇನೂ ಕಾಣಲಿಲ್ಲ. ಬಂದವರು ಪರಸ್ಪರ ಮುಖ ನೋಡಿಕೊಂಡರು. ಆಗ ಇವರು ಕುರ್ಚಿಯಲ್ಲಿ ಕುಳಿತು, ಬೆಳಗ್ಗೆ ಆದದ್ದನ್ನು ಏನೂ ಮುಚ್ಚಿಡದೆ, ಲುಂಗಿ ಒದ್ದೆಯಾದದ್ದನ್ನೂ ಸೇರಿಸಿ ಹೇಳಿದರು. ದನಿ ಸಣ್ಣದು, ಎಲ್ಲರೂ ಬಾಗಿ ಕೇಳಬೇಕಾಯಿತು.

"ಸಾಹೇಬ್ರ, ನಿಮ್ಮ ಪೆಟ್ಟಿಗಿ ಬೂಟಿನ ಮ್ಯಾಲೈತಿ. ನಾವು ಬೂಟು ಬಾಗಲ ಹೊರಗ ಬಿಡೋ ಮಂದಿ. ನಾನು ನಿಲ್ಲೋದು ಮನಿ ಒಳಗ. ಬಚ್ಚಲಕ್ಕ ಬೂಟು ಹಾಕ್ಕೊಂಡು ಹೋಗ್ತೀನೇನ್ರಿ?"

ಎಂಜಿನಿಯರು ಬರೆದುಕೊಳ್ಳುತ್ತಿದ್ದವರು ಪೆನ್ನು ಇಟ್ಟು ಅವರನ್ನೇ ನೋಡಿದರು. "ಇದು ನಮಗೆ ಹೊಳೆದೇ ಇರಲಿಲ್ಲ" ಎಂದರು.

ಬಂದವರಲ್ಲಿ ಒಬ್ಬರು, "ದಿನಾ ಬೆಳಗ್ಗೆ ಹೀಗೇ ಆಗುತ್ತಾ ಅಮ್ಮ?" ಎಂದು ಹೆಂಡತಿಯನ್ನು ಕೇಳಿದರು. ಆಕೆ, "ಇಲ್ರಿ, ಇವತ್ತು ಗುಳಿಗಿ..." ಎಂದು ಆರಂಭಿಸಿದರು. ನಾನು ಎದ್ದು, "ಅಮ್ಮಾರ, ಎಲ್ಲರಿಗೂ ಒಂಚೂರು ಚಾ ಮಾಡೋಣ ಬರ್ರಿ" ಎಂದು ಆಕೆಯನ್ನು ಒಳಗೆ ಕರೆದುಕೊಂಡು ಹೋದೆ. ಅಂದು ನಾನು ಮಾಡಿದ ಎರಡನೆಯ ತಪ್ಪು ಅದು. ಮೊದಲನೆಯದಕ್ಕಿಂತ ಅದು ಚಿಕ್ಕದು ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

ಕೆಲಸ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನಿಯರು ಹೊಸದನ್ನು ತಂದರು. ಬೂಟು ಬೇಡ. ಮೊಣಕಾಲ ಕೆಳಗೆ ಕಟ್ಟುವ ಪಟ್ಟಿ, ಬರಿಗಾಲಿಗೂ ಆಗುತ್ತದೆ. ಕೆಂಪು ಗೆರೆಯ ಜೊತೆ, ಬೆಳಕಿದ್ದಲ್ಲಿಯೂ ಕಾಣುವ ಹಸಿರು ಗೆರೆ. ಒತ್ತುವ ಗುಂಡಿ ಅಂಗಿಯ ಗುಂಡಿಯಷ್ಟಿದ್ದದ್ದು ಈಗ ರೂಪಾಯಿಯಷ್ಟು ಅಗಲ. ಲುಂಗಿ ಅಡ್ಡ ಬರುತ್ತದೆಂದು ಮಡಿಚಿ ಕಟ್ಟಬೇಕು, ಅದೊಂದು. ಎಲ್ಲರೂ ನನ್ನನ್ನೂ ಹೊಗಳಿದರು. ಎಂಥ ಒಳ್ಳೆಯ ರೋಗಿಯನ್ನು ಹುಡುಕಿ ಕೊಟ್ಟಿರಿ ಎಂದರು. ನಾನು ಸುಮ್ಮನೆ ಕೇಳಿಸಿಕೊಂಡೆ.

ಒಂದು ಸಂಜೆ, ಹೊತ್ತು ಮುಳುಗುವಾಗ, ಅವರು ಕ್ಷೌರದ ಅಂಗಡಿಗೆ ಹೊರಟರು. ನಾನು, ಹೆಂಡತಿ ಇಪ್ಪತ್ತು ಹೆಜ್ಜೆ ಹಿಂದೆ. ಹತ್ತಿರ ಬರಕೂಡದೆಂದು ಕಟ್ಟಪ್ಪಣೆಯಾಗಿತ್ತು. ಓಣಿಯ ಮಣ್ಣು ನೆಲದ ಮೇಲೆ ಹಸಿರು ಗೆರೆ ಒಂದು ಬಿದ್ದು, ಆರಿ, ಮತ್ತೊಂದು ಬಿದ್ದು, ಅವರ ಮುಂದೆ ಮುಂದೆ ಹೋಯಿತು. ಮೂರು ಕಡೆ ನಿಂತರು. ಒಂದು ಕಡೆ ಬಹಳ ಹೊತ್ತು ನಿಂತರು. ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದರು. ಆಕೆಯ ಉಗುರು ನನ್ನ ಅಂಗೈಗೆ ಇಳಿದಿತ್ತು. ಆಟೋ ಒಂದು ಬಂತು, ನಿಂತಿತು, ಬಳಸಿಕೊಂಡು ಹೋಯಿತು. ಅವರು ಕಾಲೆತ್ತಿದರು.

ಅಂಗಡಿಯವನು ಎದ್ದು ಕುರ್ಚಿ ಒರೆಸಿದ. "ಬಾರಪಾ ಕೀಮ್ಯಾನ್. ಎಷ್ಟು ದಿನ ಆತೋ! ಕುಂದ್ರು ಬಾ."

"ಕುರ್ಚಿ ಬ್ಯಾಡ. ಮುಂದ ಇವ್ರು ಅದಾರಲ್ಲ" ಎಂದು ಅವರು ಬೆಂಚಿನಲ್ಲಿ, ಪೇಪರ್ ಓದುತ್ತಿದ್ದ ಇಬ್ಬರ ಪಕ್ಕ ಕುಳಿತರು. ಆ ಇಬ್ಬರೂ ಕ್ಷೌರಕ್ಕೆ ಬಂದವರಲ್ಲ, ಸುಮ್ಮನೆ ಕುಳಿತವರು. ಅವರು ಹಾಗೆಂದರೂ ಇವರು ಏಳಲಿಲ್ಲ. ನಾವಿಬ್ಬರೂ ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕಾದೆವು.

ಆಮೇಲೆ ಸುಮಾರು ಒಂದೂವರೆ ವರ್ಷ ಅವರು ಹಾಗೆ ಓಡಾಡಿದರು. ಎಲ್ಲ ದಿನವೂ ಅಲ್ಲ. ಪಟ್ಟಿ ಕಾಯಿಲೆಯನ್ನು ತಡೆಯುವುದಿಲ್ಲ, ಹೆಜ್ಜೆಯನ್ನು ಮಾತ್ರ ಎತ್ತಿಸುತ್ತದೆ. ಕಡೆಕಡೆಗೆ ಗೆರೆ ಬಿದ್ದರೂ ನಿಲ್ಲುವುದು ಹೆಚ್ಚಾಯಿತು. ಅದನ್ನೂ ಬರೆಸಿದರು. ನುಂಗುವುದು ಕಷ್ಟವಾಯಿತು. ಈ ಬೇಸಿಗೆಯಲ್ಲಿ ಎದೆಯಲ್ಲಿ ಕಫ ಕಟ್ಟಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋಗಿದ್ದೆ. ಗುಳಿಗೆಯ ವಿಷಯ ಅಂದು ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಹೋದರೆ ಅವರು ನನ್ನ ಕೈ ಮುಟ್ಟಿ ಪಕ್ಕದ ಹಾಸಿಗೆಯತ್ತ ಕಣ್ಣು ತೋರಿಸಿದರು. "ಅವ್ವಾ, ಆ ಮನಷ್ಯಾಗೂ ನಂದ ಕಾಯ್ಲಿ. ಸಂಡೂರಿನಾವ. ಪಟ್ಟಿ ಇರೋದ ಗೊತ್ತಿಲ್ಲಂತ. ಹೇಳು ಆತಗ." ಮೇಡಮ್ಮೋರ ಎನ್ನುತ್ತಿದ್ದವರು ಅಂದು ಅವ್ವಾ ಎಂದರು. ನಾನು ಆ ಮನುಷ್ಯನ ಹತ್ತಿರ ಹೋಗಿ ಮಾತಾಡಿದೆ. ವಾಪಸು ಬರುವಷ್ಟರಲ್ಲಿ ಇವರಿಗೆ ನಿದ್ದೆ ಹತ್ತಿತ್ತು. ನಾಲ್ಕು ದಿನಗಳ ಮೇಲೆ ತೀರಿಕೊಂಡರು.

ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿತ್ತವಾಡ್ಗಿಗೆ ಹೋದೆ. ಆಕೆ ಹೊಲಿಗೆ ಮಷಿನ್ನಿನ ಮುಂದೆ ಕುಳಿತಿದ್ದರು. ನಾನು ಕುಳಿತು, ಎಲ್ಲವನ್ನೂ ಹೇಳಿದೆ. ಗುಳಿಗೆ ಬೇಡವೆಂದು ಬಂದವರು ಹೇಳಿರಲಿಲ್ಲ, ನಾನೇ ಹೇಳಿದ್ದು ಎಂದೆ. ಚಹಾದ ನೆಪದಲ್ಲಿ ಮಾತು ತಡೆದದ್ದನ್ನೂ ಹೇಳಿದೆ.

ಆಕೆ ಮಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದರು. ಎದ್ದು ಒಳಗೆ ಹೋದರು. ನಾನು ಒಬ್ಬಳೇ ಕುಳಿತೆ. ಪಕ್ಕದ ಮನೆಯಲ್ಲಿ ಯಾರೋ ಖಾರ ಕುಟ್ಟುತ್ತಿದ್ದರು. ಎದ್ದು ಹೋಗಿಬಿಡಲೇ ಅನ್ನಿಸಿತು, ಹೋಗಲಿಲ್ಲ. ಆಕೆ ಬಂದಾಗ ಮುಖ ತೊಳೆದುಕೊಂಡಿದ್ದರು.

"ಅವತ್ತು ಅವರು ನನ್ನ ಮುಖ ನೋಡ್ಲಿಲ್ಲ ಗೊತ್ತೇನ್ರಿ? ಸಂಜಿತನ ನೋಡ್ಲಿಲ್ಲ. ಲಗ್ನ ಆದಾಗಿಂದ ಅವರು ನನ್ನೆದ್ರಿಗೆ ನಾಚ್ಕೊಂಡಿದ್ದು ಅದೊಂದ ದಿನ" ಎಂದರು.

ಆಕೆ ಮತ್ತೆ ಮಷಿನ್ನಿನ ಮುಂದೆ ಕುಳಿತರು.

"ಅವರಿದ್ದಾಗ ಹೇಳ್ಬೇಕಿತ್ತು ನೀವು. ಅವರು ಬೈತಿದ್ರು, ಬಿಡ್ತಿದ್ರು. ನನಗ ಬಿಡಕ್ಕ ಬರಂಗಿಲ್ರಿ." ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, "ಹೋಗ್ರಿ ಈಗ" ಎಂದರು.

ಅವರು ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ಆಕೆಯಿಂದ ಕೇಳಲು ಬಾಯಿ ಬರಲಿಲ್ಲ. ಮೆಟ್ರಿಯ ಕಡೆಯ ಒಬ್ಬ ಹೆಂಗಸಿಗೆ ಅದು ಬೇಕಾಗಿತ್ತು. ಹೊಲದ ಕೂಲಿ ಮಾಡುತ್ತಿದ್ದಾಕೆ, ಐವತ್ತೈದರ ಸುಮಾರು. ಮಗಳು ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ಎಂಜಿನಿಯರು ಹೊಸ ಪಟ್ಟಿ ಕಳಿಸಲು ಇನ್ನೂ ತಿಂಗಳಾಗುತ್ತಿತ್ತು. ಆ ಹೆಂಗಸಿನ ವಿಷಯವನ್ನಷ್ಟೇ ಕೀಮ್ಯಾನ್ ಅವರ ಹೆಂಡತಿಗೆ ಫೋನಿನಲ್ಲಿ ತಿಳಿಸಿ, ಅವಳು ಕ್ಲಿನಿಕ್ಕಿಗೆ ಬರುವ ದಿನ ಹೇಳಿ ಸುಮ್ಮನಾದೆ. ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಆ ದಿನ ಬೆಳಗ್ಗೆ ಕೀಮ್ಯಾನ್ ಅವರ ಹೆಂಡತಿ ಆಟೋದಿಂದ ಇಳಿದು ಬಂದರು. ನನ್ನ ಕೈಗೆ ಪಟ್ಟಿಯ ಚೀಲ ಕೊಡಲಿಲ್ಲ. ನೇರವಾಗಿ ಆ ಹೆಂಗಸಿನ ಹತ್ತಿರ ಹೋಗಿ ಕೆಳಗೆ ಕುಳಿತರು.

"ಮುಂಜಾನೆ ಗುಳಿಗಿ ತಗೊಂಡಿಯೇನವ್ವ?" ಎಂದು ಕೇಳಿದರು. ತಗೊಂಡೀನಿ ಎಂದಳು ಆಕೆ. ನಾನು ಪಟ್ಟಿ ಕಟ್ಟಲು ಬಗ್ಗಿದೆ. "ನೀವು ಸರೀರಿ, ನಾ ಕಟ್ತೀನಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ನಾನು ಗೋಡೆಗೆ ಹೋಗಿ ನಿಂತೆ.

ಎರಡೂ ಕಾಲಿಗೆ ಕಟ್ಟಿ, ಸೀರೆಯ ನಿರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಆ ಹೆಂಗಸು ನೆಲದ ಮೇಲೆ ಬಿದ್ದ ಗೆರೆಯನ್ನು ನೋಡಿ ಹೆದರಿದಳು.

"ಬೀಳ್ತೀನೇನೋ ಯವ್ವಾ."

"ಬೀಳಬಹುದು. ನಾ ಹಿಂದ ಅದೀನಿ. ಕಾಲಿಗೆ ಬೈಬ್ಯಾಡ, ಗೆರಿ ನೋಡಿದ್ರ ಅದು ಬರ್ತೈತಿ. ಗೆರಿ ತುಳೀಬ್ಯಾಡ, ದಾಟು. ಜಲ್ದಿ ಏನಿಲ್ಲ. ತಿರುಗ್ವಾಗ ನಿಂತಲ್ಲೇ ತಿರುಗಬ್ಯಾಡ, ದೊಡ್ಡದಾಗಿ ಸುತ್ತಿ ಬಾ, ಎತ್ತಿನ ಬಂಡಿ ತಿರುವಿದಂಗ."

ಇವೆಲ್ಲ ನಾನು ಕಲಿಸಿದ ಮಾತುಗಳಲ್ಲ. ಮನೆಯಲ್ಲಿ, ಆ ಹಜಾರದಲ್ಲಿ, ದಿನದಿನವೂ ಜೊತೆಗೆ ನಡೆದು ಆಕೆ ಕಂಡುಕೊಂಡದ್ದು.

ಮೆಟ್ರಿಯ ಹೆಂಗಸು ಒಂದು ಗೆರೆ ದಾಟಿದಳು. ನಿಂತಳು. ಇನ್ನೊಂದು ದಾಟಿದಳು. ಆಮೇಲೆ ಮೂರು, ನಾಲ್ಕು, ಒಂದರ ಹಿಂದೆ ಒಂದು. ಹಿಂದೆ ಈಕೆ ಎರಡೂ ಕೈ ಚಾಚಿ, ಮುಟ್ಟದೆ, ಒಂದು ಗೇಣು ಬಿಟ್ಟು ನಡೆಯುತ್ತಿದ್ದರು. ಮಗಳು ಔಷಧಿ ಅಂಗಡಿಗೆ ಹೋದವಳು ಆಗಷ್ಟೇ ಬಂದು, ಹೊರಗೆ ಬಗ್ಗಿ ಚಪ್ಪಲಿ ಬಿಡುತ್ತಿದ್ದಳು. ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ.

"ಯಾರು ಹಿಡಕೊಂಡು ಬಂದ್ರಬೇ?" ಎಂದು ಕೇಳಿದಳು ಮಗಳು.

ಆ ಹೆಂಗಸು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಯಾರೂ ಇಲ್ಲ" ಎಂದಳು.